ವರದಿಯ ಕೊನೆಯ ಸಾಲು

ಶಿರಸಿಯಲ್ಲಿ ಮಳೆ ಹಿಡಿದ ಮೇಲೆ ನಮ್ಮ ಲ್ಯಾಬಿಗೆ ಬರುವವರಲ್ಲಿ ಜ್ವರದವರು ಮೊದಲು, ಮೈ ತುರಿಕೆಯವರು ಆಮೇಲೆ. ಹೋದ ವರ್ಷ ಆಷಾಢದಲ್ಲಿ ಬನವಾಸಿ ಕಡೆಯ ಹಿರಿಯರೊಬ್ಬರು ಪ್ಲಾಸ್ಟಿಕ್ ಚೀಲದೊಳಗೆ ಮಡಿಚಿಟ್ಟ ನಾಲ್ಕು ಪುಟಗಳ ವರದಿಯನ್ನು ಹಿಡಿದು ಬಂದರು. ಅವರಿಗೆ ಅಡಿಕೆ ತೋಟವಿದೆ, ಅದರಾಚೆಯ ಬ್ಯಾಣದಲ್ಲಿ ಒಂದೆರಡು ಎಕರೆ ಅನಾನಸು ಇದೆ, ಮನೆಯ ಹಿಂದೆ ಎಂಟು ತುಡುವೆ ಜೇನಿನ ಪೆಟ್ಟಿಗೆಗಳಿವೆ. ಈ ಮೂರೂ ವಿವರಗಳು ಮುಂದೆ ಬೇಕಾಗುವುದರಿಂದ ಮೊದಲೇ ಹೇಳಿಬಿಟ್ಟೆ.

ಅವರಿಗೆ ಆರು ತಿಂಗಳಿಂದ ಪಿತ್ತದ ಗಂದೆ ಏಳುತ್ತಿತ್ತು. ಮಗ ಊರಿಗೆ ಬಂದವನು ತಂದೆಯನ್ನು ತಾನಿರುವ ನಗರಕ್ಕೆ ಕರೆದೊಯ್ದು ಅಲ್ಲಿನ ಒಂದು ಲ್ಯಾಬಿನಲ್ಲಿ ರಕ್ತದ ಅಲರ್ಜಿ ಪ್ಯಾನೆಲ್ ಮಾಡಿಸಿದ್ದ. ಪರೀಕ್ಷಿಸಿದ 30 ಪದಾರ್ಥಗಳಲ್ಲಿ 14 ಪಾಸಿಟಿವ್ ಎಂದು ಕೆಂಪಕ್ಷರದಲ್ಲಿ ಬಂದಿತ್ತು. ಶೇಂಗಾ, ಗೋಧಿ, ಸೋಯಾ, ಎಳ್ಳು, ಟೊಮೇಟೊ, ಕ್ಯಾರೆಟ್, ಬಾಳೆಹಣ್ಣು, ಅಕ್ಕಿ, ಜೊತೆಗೆ ಕೆಲವು ಹುಲ್ಲು ಮತ್ತು ಮರಗಳ ಪರಾಗ. ಅವರು ಶಿಸ್ತಿನ ಮನುಷ್ಯರು. ಕೆಂಪಕ್ಷರದಲ್ಲಿ ಇದ್ದುದನ್ನೆಲ್ಲ ಬಿಟ್ಟುಬಿಟ್ಟರು. ಅಕ್ಕಿಯೊಂದನ್ನು ಮಾತ್ರ, ಅದನ್ನೂ ಬಿಟ್ಟರೆ ಉಳಿಯುವುದೇನು ಎಂದು, ಮನಸ್ಸಿನಲ್ಲಿ ಅಳುಕು ಇಟ್ಟುಕೊಂಡೇ ಉಣ್ಣುತ್ತಿದ್ದರು. ಗಂಜಿ, ಮಜ್ಜಿಗೆ, ಉಪ್ಪು ಇಷ್ಟರಲ್ಲೇ ನಾಲ್ಕು ತಿಂಗಳು ಕಳೆದಿತ್ತು. ತೂಕ ಆರು ಕಿಲೋ ಇಳಿದಿತ್ತು, ಗಂದೆ ಮಾತ್ರ ಒಂದು ದಿನವೂ ಇಳಿದಿರಲಿಲ್ಲ. "ತಂಗೀ, ಇನ್ನು ನಾ ಎಂತ ತಿನ್ನೂದು ಹೇಳು" ಎಂದು ಅವರು ಕೇಳಿದಾಗ ಅದರಲ್ಲಿ ಸಿಟ್ಟಿರಲಿಲ್ಲ, ನಿಜವಾದ ಪ್ರಶ್ನೆಯಿತ್ತು.

ನಾನು ವೈದ್ಯೆಯಲ್ಲ, ಲ್ಯಾಬ್ ಟೆಕ್ನಾಲಜಿಸ್ಟ್. ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳುವ ಅಧಿಕಾರ ನನ್ನದಲ್ಲ. ಆದರೆ ವರದಿಯನ್ನು ಓದುವುದು ನನ್ನ ಕೆಲಸ. ನಾಲ್ಕನೆಯ ಪುಟದ ಅಡಿಯಲ್ಲಿ, ಸಹಿಯ ಮೇಲೆ, ಉಳಿದೆಲ್ಲ ಸಾಲುಗಳಂತೆಯೇ ಒಂದು ಸಾಲು ಇತ್ತು: ಸಿಸಿಡಿ, ಪಾಸಿಟಿವ್. ಅದು ಏನು, ಅದು ಪಾಸಿಟಿವ್ ಬಂದರೆ ಮೇಲಿನ 14 ಅಂಕಿಗಳಿಗೆ ಏನಾಗುತ್ತದೆ ಎಂಬ ಬಗ್ಗೆ ಒಂದಕ್ಷರವೂ ಇರಲಿಲ್ಲ. ಮಗ ಅದನ್ನು ಯಾವುದೋ ಆಹಾರದ ಹೆಸರೆಂದು ತಿಳಿದು ಅಂತರ್ಜಾಲದಲ್ಲಿ ಹುಡುಕಿ, ಸಿಗದೆ ಬಿಟ್ಟಿದ್ದನಂತೆ.

ಆ ಒಂದು ಸಾಲಿನ ಬಗ್ಗೆ, ಹಾಗೂ ಅದನ್ನು ನಿಭಾಯಿಸುವ ಕ್ರಮದ ಬಗ್ಗೆ ಬರೆಯಬೇಕೆಂದು ಅಂದಿನಿಂದ ಅಂದುಕೊಳ್ಳುತ್ತಿದ್ದೆ.

ಅಲರ್ಜಿಯ ರಕ್ತಪರೀಕ್ಷೆ ಅಳೆಯುವುದು ಅಲರ್ಜಿಯನ್ನಲ್ಲ, ಐಜಿಇ ಎಂಬ ಪ್ರತಿಕಾಯವನ್ನು, ಅಂದರೆ ಪರಕೀಯವೆಂದು ಕಂಡದ್ದನ್ನು ಹಿಡಿಯಲು ದೇಹ ತಯಾರಿಸುವ ಒಂದು ಪ್ರೋಟೀನನ್ನು. ಈ ಪ್ರತಿಕಾಯವನ್ನು 1966-67ರ ಹೊತ್ತಿಗೆ ಅಮೆರಿಕದ ಡೆನ್ವರಿನಲ್ಲಿ ಕಿಮಿಶಿಗೆ ಮತ್ತು ತೆರುಕೊ ಇಶಿಜಾಕಾ ದಂಪತಿಯೂ, ಸ್ವೀಡನ್ನಿನ ಉಪ್ಸಾಲಾದಲ್ಲಿ ಯೊಹಾನ್ಸನ್ ಮತ್ತು ಬೆನ್ನಿಕ್ ಎಂಬವರೂ ಬೇರೆ ಬೇರೆ ದಾರಿಯಿಂದ ಗುರುತಿಸಿದರು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಯೊಂದಿಗೆ ಅದಕ್ಕೆ ಈ ಹೆಸರು ನಿಂತಿತು. ಪದಾರ್ಥದ ಸಾರವನ್ನು ಘನವಾದ ಒಂದು ಮೇಲ್ಮೈಗೆ ಅಂಟಿಸಿ, ಅದರ ಮೇಲೆ ರೋಗಿಯ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಹಾಕಿ, ಅಂಟದೆ ಉಳಿದುದನ್ನು ತೊಳೆದು, ಅಂಟಿಕೊಂಡ ಐಜಿಇಯನ್ನು ಗುರುತು ಹಚ್ಚಿದ ಇನ್ನೊಂದು ಪ್ರತಿಕಾಯದಿಂದ ಹಿಡಿದು ಅಳೆಯುವ ವಿಧಾನವನ್ನು ಉಪ್ಸಾಲಾದವರು 1967ರಲ್ಲೇ ಪ್ರಕಟಿಸಿದರು. ಆಗ ಗುರುತಿಗೆ ವಿಕಿರಣಶೀಲ ಅಯೋಡಿನ್ ಬಳಸುತ್ತಿದ್ದರು, ಈಗ ಕಿಣ್ವ ಬಳಸುತ್ತಾರೆ, ಮೇಲ್ಮೈಯೂ ಬದಲಾಗಿದೆ. ತತ್ತ್ವ ಮಾತ್ರ ಅದೇ. ರಕ್ತದಲ್ಲಿ ಐಜಿಇ ಇರುವುದು ಅತ್ಯಲ್ಪ ಪ್ರಮಾಣದಲ್ಲಿ. ಒಂದು ಯೂನಿಟ್ ಎಂದರೆ ಸುಮಾರು 2.4 ನ್ಯಾನೋಗ್ರಾಂ. ಬಹುಕಾಲದಿಂದ ಲೀಟರಿಗೆ 0.35 ಕಿಲೋ ಯೂನಿಟ್ ಎಂಬ ಗೆರೆಯನ್ನು ಪಾಸಿಟಿವ್‌ನ ಹೊಸ್ತಿಲೆಂದು ಇಟ್ಟುಕೊಂಡು ಬಂದಿದ್ದೇವೆ, ಈಗಿನ ಯಂತ್ರಗಳು 0.10ರವರೆಗೂ ಅಳೆಯುತ್ತವೆ. ಇಷ್ಟು ಸೂಕ್ಷ್ಮವಾದ ಅಳತೆಯಲ್ಲಿ, ಅಂಟಬಾರದ ಒಂದು ಪ್ರತಿಕಾಯ ಸ್ವಲ್ಪವೇ ಅಂಟಿದರೂ ವರದಿಯ ಬಣ್ಣ ಬದಲಾಗುತ್ತದೆ.

ಸಿಸಿಡಿ (ಕ್ರಾಸ್-ರಿಯಾಕ್ಟಿವ್ ಕಾರ್ಬೋಹೈಡ್ರೇಟ್ ಡಿಟರ್ಮಿನೆಂಟ್) ಎಂದರೆ ಸಕ್ಕರೆಯ ಗುರುತು. ನಾವು ಚಹಾಕ್ಕೆ ಹಾಕುವ ಸಕ್ಕರೆಯಲ್ಲ; ಜೀವಕೋಶಗಳು ತಮ್ಮ ಪ್ರೋಟೀನುಗಳ ಮೇಲೆ ಅಂಟಿಸುವ, ಕವಲೊಡೆದ ಸಣ್ಣ ಸಕ್ಕರೆ ಸರಪಳಿ. ಗಿಡಮರಗಳ ಪ್ರೋಟೀನುಗಳ ಮೇಲಿನ ಈ ಸರಪಳಿಯ ಬುಡದಲ್ಲಿ ಫ್ಯೂಕೋಸ್ ಎಂಬ ಸಕ್ಕರೆ ಒಂದು ವಿಶಿಷ್ಟ ಕೋನದಲ್ಲಿ ಕೂತಿರುತ್ತದೆ, ಪಕ್ಕದಲ್ಲಿ ಜೈಲೋಸ್ ಎಂಬ ಇನ್ನೊಂದು ಸಕ್ಕರೆ ಇರುತ್ತದೆ. ಕೀಟಗಳಲ್ಲಿ ಜೈಲೋಸ್ ಇಲ್ಲದಿದ್ದರೂ ಅದೇ ಫ್ಯೂಕೋಸ್ ಇದೆ. ಮನುಷ್ಯರಲ್ಲಿ, ದನಕರುಗಳಲ್ಲಿ ಈ ಜೋಡಣೆ ಇಲ್ಲ. ಇಲ್ಲದ ವಸ್ತುವನ್ನು ನಮ್ಮ ದೇಹ ಪರಕೀಯವೆಂದು ಕಾಣುತ್ತದೆ, ಕೆಲವರ ದೇಹ ಅದರ ವಿರುದ್ಧ ಐಜಿಇಯನ್ನೂ ತಯಾರಿಸುತ್ತದೆ. ಶೇಂಗಾ, ಗೋಧಿ, ಟೊಮೇಟೊ, ಹುಲ್ಲಿನ ಪರಾಗ, ರಬ್ಬರಿನ ಹಾಲು ಇವುಗಳ ಪ್ರೋಟೀನುಗಳು ಒಂದಕ್ಕೊಂದು ಸಂಬಂಧವಿಲ್ಲದವು, ಆದರೆ ತೊಟ್ಟಿರುವ ಅಂಗಿ ಒಂದೇ. ಅಂಗಿಯನ್ನು ಹಿಡಿಯುವ ಪ್ರತಿಕಾಯಕ್ಕೆ ಒಳಗಿನ ಮನುಷ್ಯ ಯಾರೆಂಬುದು ಬೇಕಾಗಿಲ್ಲ. ಆಮ್‌ಸ್ಟರ್‌ಡ್ಯಾಮಿನ ರಾಬ್ ಆಲ್ಬರ್ಸೆ ಮತ್ತು ಸಂಗಡಿಗರು ತರಕಾರಿ, ಪರಾಗ ಹಾಗೂ ಜೇನು-ಕಣಜಗಳ ವಿಷ ಈ ಮೂರಕ್ಕೂ ಒಟ್ಟಿಗೆ ಅಂಟುವ ಇಂಥ ಐಜಿಇಯನ್ನು 1981ರಲ್ಲೇ ವರ್ಣಿಸಿದ್ದರು. ಅಂದರೆ ನಮ್ಮ ಹಿರಿಯರ ವರದಿಯಲ್ಲಿ ಕಂಡದ್ದು ಹೊಸ ರಹಸ್ಯವೇನೂ ಅಲ್ಲ, ನಾಲ್ಕು ದಶಕ ಹಳೆಯ ಪಾಠ.

ಈ ಪ್ರತಿಕಾಯದ ವಿಚಿತ್ರವೆಂದರೆ, ಗಾಜಿನ ನಳಿಗೆಯಲ್ಲಿ ಅದು ಗಟ್ಟಿಯಾಗಿ ಅಂಟಿಕೊಂಡರೂ ಮನುಷ್ಯನಲ್ಲಿ ಸಾಮಾನ್ಯವಾಗಿ ರೋಗಲಕ್ಷಣ ತರುವುದಿಲ್ಲ. ಐಜಿಇಯನ್ನು ಮೈಮೇಲೆ ಹೊತ್ತಿರುವ ಮಾಸ್ಟ್ ಕೋಶ ಒಡೆದು, ತುರಿಕೆ-ಊತ ತರುವ ಹಿಸ್ಟಮಿನ್ ಚೆಲ್ಲಬೇಕಾದರೆ ಒಂದೇ ಅಣು ಪಕ್ಕಪಕ್ಕದ ಎರಡು ಐಜಿಇಗಳನ್ನು ಸೇತುವೆಯಂತೆ ಜೋಡಿಸಬೇಕು. ಸಕ್ಕರೆಯ ಗುರುತು ಒಂದೇ ಇರುವ ಅಣುವಿಗೆ ಆ ಸೇತುವೆ ಕಟ್ಟಲು ಬರುವುದಿಲ್ಲ. ಗುರುತು ಹಲವಿರುವ ಅಣುಗಳೂ ಇವೆ. ಅಲ್ಲಿ, ಇದೇ ಸಕ್ಕರೆಯ ವಿರುದ್ಧ ನಮ್ಮೆಲ್ಲರ ರಕ್ತದಲ್ಲಿ ಓಡಾಡುವ ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯಗಳು ಮೊದಲೇ ಬಂದು ಜಾಗ ಹಿಡಿಯುತ್ತವೆ ಎಂಬ ವಿವರಣೆಯನ್ನು ತಜ್ಞರು ಕೊಡುತ್ತಾರೆ. ವಿವರಣೆ ಯಾವುದೇ ಇರಲಿ, ಶೇಂಗಾ ತಿಂದು ಅರವತ್ತು ವರ್ಷ ಆರಾಮಿದ್ದ ಮನುಷ್ಯನ ವರದಿಯಲ್ಲಿ ಶೇಂಗಾ ಕೆಂಪಾಗುವುದಕ್ಕೆ ಕಾರಣ ಇದು.

ಇನ್ನು ಬನವಾಸಿಯ ಅನಾನಸು. ಸಿಸಿಡಿ ಸಾಲನ್ನು ಅಳೆಯಲು ಲ್ಯಾಬುಗಳು ಹೆಚ್ಚಾಗಿ ಬಳಸುವುದು ಬ್ರೊಮೆಲಿನ್ ಎಂಬ ಕಿಣ್ವವನ್ನು, ಅಥವಾ ಅದರಿಂದ ತೆಗೆದ ಸಕ್ಕರೆ ಸರಪಳಿಯನ್ನು. ಬ್ರೊಮೆಲಿನ್ ಬರುವುದು ಅನಾನಸಿನ ದಿಂಡಿನಿಂದ. ಹಣ್ಣನ್ನು ಹೆಚ್ಚು ತಿಂದಾಗ ನಾಲಿಗೆ ಉರಿಯುತ್ತದಲ್ಲ, ಅದರಲ್ಲಿ ಈ ಕಿಣ್ವದ ಪಾಲೂ ಇದೆ. ಒಂದು ಬ್ರೊಮೆಲಿನ್ ಅಣುವಿನ ಮೇಲೆ ಒಂದೇ ಸಕ್ಕರೆ ಸರಪಳಿ, ಅದರಲ್ಲಿ ಜೈಲೋಸ್ ಮತ್ತು ಫ್ಯೂಕೋಸ್ ಎರಡೂ ಇವೆ. ಹೀಗಾಗಿ ಅದು ಗಿಡಗಳ ಅಂಗಿಯ ಒಳ್ಳೆಯ ಮಾದರಿ. ಬನವಾಸಿಯ ಸುತ್ತ ಹೊಲದ ತುಂಬ ನಿಂತಿರುವ ಬೆಳೆಯ ಕಿಣ್ವವೊಂದು ಜಗತ್ತಿನ ಅಲರ್ಜಿ ಲ್ಯಾಬುಗಳಲ್ಲಿ ಅಳತೆಗೋಲಾಗಿ ಕೂತಿದೆ ಎಂಬುದನ್ನು ನಾನು ಹೇಳಿದಾಗ ಆ ಹಿರಿಯರು ನಂಬಲಿಲ್ಲ. ತಮಗೆ ಅನಾನಸು ಆಗಿಬರುವುದಿಲ್ಲವೇ ಎಂದು ಮಾತ್ರ ಕೇಳಿದರು. ಬ್ರೊಮೆಲಿನ್ ಸಾಲು ಪಾಸಿಟಿವ್ ಬಂದ ಮಾತ್ರಕ್ಕೆ ಅನಾನಸು ಅಲರ್ಜಿ ಎಂದಾಗುವುದಿಲ್ಲ. ಈ ತಪ್ಪು ತಿಳಿವಳಿಕೆಯನ್ನು ನಾನು ಓದಿದವರ ಬಾಯಲ್ಲೂ ಕೇಳಿದ್ದೇನೆ.

ಹಾಗಾದರೆ ಈ ಪ್ರತಿಕಾಯ ಅವರಲ್ಲಿ ಹುಟ್ಟಿದ್ದು ಎಲ್ಲಿಂದ? ಪರಾಗದಿಂದ ಹುಟ್ಟಬಹುದು. ಜೇನು ಮತ್ತು ಕಣಜ ಕಚ್ಚುವುದರಿಂದ ಹುಟ್ಟುತ್ತದೆ, ಏಕೆಂದರೆ ಜೇನಿನ ವಿಷದಲ್ಲಿರುವ ಫಾಸ್ಫೋಲಿಪೇಸ್, ಹಯಲುರೊನಿಡೇಸ್ ಎಂಬ ಪ್ರೋಟೀನುಗಳ ಮೇಲೆ ಆ ಫ್ಯೂಕೋಸ್ ಇದೆ. ಮದ್ಯಪಾನ ಹೆಚ್ಚು ಮಾಡುವವರಲ್ಲೂ ಇದು ಏರಿರುವುದನ್ನು ಕಂಡಿದ್ದಾರೆ. ಈ ಕೊನೆಯ ಪ್ರಶ್ನೆಯನ್ನು ಅವರಿಗೆ ಕೇಳಲು ನನಗೆ ಬಾಯಿ ಬರಲಿಲ್ಲ. ಪೆಟ್ಟಿಗೆ ತೆರೆಯುವಾಗ ಎಷ್ಟು ಕಚ್ಚಿಸಿಕೊಳ್ಳುತ್ತೀರಿ ಎಂದು ಮಾತ್ರ ಕೇಳಿದೆ. ಲೆಕ್ಕ ಇಟ್ಟಿಲ್ಲ ಎಂದರು. ವರ್ಷಕ್ಕೊಮ್ಮೆ ತೋಟದ ಅಂಚಿನ ಮರದಲ್ಲಿ ಕೂರುವ ಹೆಜ್ಜೇನಿನ ಪ್ರಸಾದವೂ ಸಿಗುತ್ತದಂತೆ.

ಇಂಥ ವರದಿಯನ್ನು ಗುರುತಿಸಲು ಒಂದು ನೋಟ ಸಾಕು, ನೋಡುವ ಅಭ್ಯಾಸ ಇರಬೇಕು ಅಷ್ಟೇ. ಗಿಡದಿಂದ ಬಂದುದೆಲ್ಲ ಸಾಲಾಗಿ ಪಾಸಿಟಿವ್, ಅದೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ. ಹಾಲು, ಮೊಟ್ಟೆ, ಮೀನು ಪೂರ್ತಿ ನೆಗೆಟಿವ್. ನಿಜವಾದ ಅಲರ್ಜಿ ಹೀಗೆ ಸಮತಟ್ಟಾಗಿ ಬರುವುದು ವಿರಳ. ಒಂದೆರಡು ಪದಾರ್ಥಗಳು ಗುಡ್ಡದಂತೆ ಎದ್ದು ನಿಂತು ಉಳಿದವು ತಗ್ಗಿನಲ್ಲಿರುತ್ತವೆ. ಈ ಹಿರಿಯರ ವರದಿಯಲ್ಲಿ 14 ಅಂಕಿಗಳೂ 0.6ರಿಂದ 3.1ರ ನಡುವೆ ಗದ್ದೆಯಂತೆ ಮಲಗಿದ್ದವು.

ಗುರುತಿಸಿದ ಮೇಲೆ ಮಾಡಬೇಕಾದದ್ದು, ಸೀರಮನ್ನು ಪರೀಕ್ಷೆಗೆ ಹಾಕುವ ಮೊದಲು ಆ ಪ್ರತಿಕಾಯದ ಬಾಯಿ ಕಟ್ಟುವುದು. ಸಕ್ಕರೆ ಸರಪಳಿಯನ್ನು ಹೊತ್ತ ವಸ್ತುವೊಂದನ್ನು ಸೀರಮಿಗೆ ಮೊದಲೇ ಬೆರೆಸಿ ಸ್ವಲ್ಪ ಹೊತ್ತು ಬಿಟ್ಟರೆ ಸಕ್ಕರೆಯನ್ನು ಹುಡುಕುವ ಐಜಿಇಗಳು ಅದನ್ನೇ ಹಿಡಿದುಕೊಂಡು ತುಂಬಿಹೋಗುತ್ತವೆ, ಆಮೇಲೆ ಪದಾರ್ಥಗಳ ಸಾರ ಅಂಟಿಸಿದ ಪಟ್ಟಿಯ, ಅಂದರೆ ಸ್ಟ್ರಿಪ್ಪಿನ, ಮೇಲಿನ ಶೇಂಗಾಕ್ಕೆ, ಗೋಧಿಗೆ ಅಂಟಲು ಅವಕ್ಕೆ ಕೈ ಖಾಲಿ ಇರುವುದಿಲ್ಲ. ಪ್ರೋಟೀನನ್ನೇ ಹುಡುಕುವ ನಿಜವಾದ ಅಲರ್ಜಿಯ ಐಜಿಇಗೆ ಈ ವಸ್ತುವಿನ ಗೊಡವೆ ಇಲ್ಲ, ಅದು ತನ್ನ ಜಾಗಕ್ಕೆ ಹೋಗಿ ಅಂಟುತ್ತದೆ. ಲ್ಯಾಬಿನವರ ಬಾಯಲ್ಲಿ ಇದಕ್ಕೆ ಬ್ಲಾಕರ್ ಎಂದೇ ಹೆಸರು.

ಬ್ಲಾಕರ್ ಯಾವುದಿರಬೇಕು ಎಂಬುದರಲ್ಲಿ ಬಹಳ ಹುಷಾರು ಬೇಕು. ಹಿಂದೆ ಬ್ರೊಮೆಲಿನನ್ನೇ ಹಾಕಿ ನೋಡಿದವರಿದ್ದಾರೆ. ಅದು ಪ್ರೋಟೀನನ್ನು ಕತ್ತರಿಸುವ ಕಿಣ್ವ. ಅದನ್ನು ಜೀವಂತವಾಗಿ ಸೀರಮಿಗೆ ಬೆರೆಸಿದರೆ ಪ್ರತಿಕಾಯಗಳನ್ನೂ ಸ್ಟ್ರಿಪ್ಪಿನ ಮೇಲಿನ ಪದಾರ್ಥವನ್ನೂ ಅದು ಮೇಯಬಹುದು, ಆದ್ದರಿಂದ ಮೊದಲು ಕಾಯಿಸಿ ಅದರ ಕಿಣ್ವಶಕ್ತಿಯನ್ನು ಕೊಲ್ಲಬೇಕು. ಅನಾನಸಿಗೆ ನಿಜವಾಗಿಯೇ ಅಲರ್ಜಿ ಇರುವವರ ಸೀರಮಿನಲ್ಲಿ ಅದು ನಿಜವಾದ ಐಜಿಇಯನ್ನೂ ಹಿಡಿದುಬಿಡುತ್ತದೆ ಎಂಬುದು ಇನ್ನೊಂದು ತೊಡಕು. ಮೂಲಂಗಿ ಜಾತಿಯ ಒಂದು ಬೇರಿನಿಂದ ತೆಗೆದ ಪೆರಾಕ್ಸಿಡೇಸ್ ಕಿಣ್ವದ ಮೇಲೆ ಇಂಥ ಸರಪಳಿಗಳು ಹಲವಾರಿವೆ, ಅಂಟುವ ಶಕ್ತಿ ಜೋರು. ಆದರೆ ಬಹಳ ಕಿಟ್ಟುಗಳಲ್ಲಿ ಬಣ್ಣ ಬರಿಸುವ ಗುರುತಿನ ಕಿಣ್ವವೂ ಅದೇ ಆಗಿರುವುದರಿಂದ, ತೊಳೆಯುವಾಗ ಸ್ವಲ್ಪ ಉಳಿದರೂ ಸುಳ್ಳು ಬಣ್ಣ ಬರುತ್ತದೆ. ವಿಯೆನ್ನಾದ ಫ್ರೀಡ್ರಿಕ್ ಆಲ್ಟ್‌ಮಾನ್ ಅವರ ತಂಡ ಹಿಡಿದ ದಾರಿ ನನಗೆ ಎಲ್ಲಕ್ಕಿಂತ ಅಚ್ಚುಕಟ್ಟಾಗಿ ಕಾಣುತ್ತದೆ. ಅವರು ಬ್ರೊಮೆಲಿನಿನಿಂದ ಸಕ್ಕರೆ ಸರಪಳಿ ಇರುವ ಚೂರನ್ನು ಮಾತ್ರ ಬಿಡಿಸಿ, ಹಲವು ಚೂರುಗಳನ್ನು ಮನುಷ್ಯರ ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಜೋಡಿಸಿದರು. ಮನುಷ್ಯರದೇ ಆಲ್ಬುಮಿನ್ ಆದ್ದರಿಂದ ಅದರ ವಿರುದ್ಧ ಐಜಿಇ ಇರುವುದಿಲ್ಲ. ಅಂಗಿ ಮಾತ್ರ ಗಿಡದ್ದು, ಮೈ ನಮ್ಮದೇ. ಒಂದೇ ಆಲ್ಬುಮಿನ್ ಮೇಲೆ ಹಲವು ಸರಪಳಿಗಳಿರುವುದರಿಂದ ಹಿಡಿತವೂ ಗಟ್ಟಿ.

ಬ್ಲಾಕರ್ ಹಾಕಿದಾಗ ಅಂಕಿ ಇಳಿಯಿತು ಎಂದಾಕ್ಷಣ ಎಲ್ಲ ಮುಗಿಯಲಿಲ್ಲ. ಸೀರಮಿಗೆ ಏನೇ ದ್ರವ ಬೆರೆಸಿದರೂ ಅದು ತೆಳುವಾಗಿ ಅಂಕಿ ಇಳಿಯುತ್ತದೆ. ಆದ್ದರಿಂದ ಅದೇ ಸೀರಮಿನ ಇನ್ನೊಂದು ಪಾಲಿಗೆ ಬ್ಲಾಕರಿನಷ್ಟೇ ಪ್ರಮಾಣದ ಬರೀ ಬಫರ್ (ಬ್ಲಾಕರ್ ಇಲ್ಲದ ಉಪ್ಪಿನ ದ್ರಾವಣ) ಬೆರೆಸಿ, ಎರಡನ್ನೂ ಒಂದೇ ದಿನ, ಒಂದೇ ಲಾಟಿನ ಸ್ಟ್ರಿಪ್ಪಿನಲ್ಲಿ ಓಡಿಸಬೇಕು. ಹೋಲಿಕೆ ಆ ಎರಡರ ನಡುವೆ ನಡೆಯಬೇಕೇ ಹೊರತು ಹಳೆಯ ವರದಿಯ ಜೊತೆಗಲ್ಲ. ಇದರ ಜೊತೆಗೆ, ಪ್ರೋಟೀನಿಗೇ ಅಲರ್ಜಿ ಇರುವುದು ಖಚಿತವಾದ ಒಬ್ಬರ ಸೀರಮನ್ನೂ ಬ್ಲಾಕರ್ ಹಾಕಿ ಓಡಿಸಿ, ಅದು ಇಳಿಯಲಿಲ್ಲ ಎಂಬುದನ್ನು ನೋಡಿಕೊಳ್ಳಬೇಕು. ಅದೂ ಇಳಿದರೆ ಬ್ಲಾಕರ್ ತನಗೆ ಸಂಬಂಧವಿಲ್ಲದ್ದನ್ನೂ ಮುಚ್ಚುತ್ತಿದೆ ಎಂದರ್ಥ. ಬ್ರೊಮೆಲಿನ್ ಸಾಲು ಗೆರೆಯ ಕೆಳಗೆ ಇಳಿದಿರಬೇಕು. ಅದೇ ಇಳಿಯದಿದ್ದರೆ ಬ್ಲಾಕರ್ ಸಾಕಾಗಿಲ್ಲ, ಉಳಿದ ಸಾಲುಗಳ ಬಗ್ಗೆ ಮಾತಾಡುವ ಹಾಗೇ ಇಲ್ಲ. ಈ ಮೂರು ತಪಾಸಣೆಗಳಿಗೆ ಹಣ ಖರ್ಚಾಗುತ್ತದೆ, ರೋಗಿಯ ಬಿಲ್ಲಿನಲ್ಲಿ ಅವು ಕಾಣುವುದಿಲ್ಲ. ಆದ್ದರಿಂದಲೇ ಇವುಗಳನ್ನು ಮೊದಲು ಬಿಡುತ್ತಾರೆ.

ನಮ್ಮಲ್ಲಿ ಬ್ಲಾಕರ್ ಇರಲಿಲ್ಲ. ಹಿರಿಯರ ರಕ್ತ ತೆಗೆದು, ಸೀರಮ್ ಬೇರ್ಪಡಿಸಿ, ಐಸ್ ಪ್ಯಾಕಿನ ಡಬ್ಬಿಯಲ್ಲಿಟ್ಟು ಘಟ್ಟದ ಕೆಳಗಿನ ದೊಡ್ಡ ಲ್ಯಾಬಿಗೆ ಕಳಿಸಿದೆವು. ಮಳೆಗಾಲದಲ್ಲಿ ಈ ಕಳಿಸುವ ಕೆಲಸವೇ ಒಂದು ಸಾಹಸ. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ಕಾರವಾರದ ನನ್ನ ಗೆಳತಿ ಸೀರಮ್ ನಳಿಗೆಗಳನ್ನು ಫ್ರಿಜ್ಜಿನಲ್ಲಿಟ್ಟುಕೊಂಡು ಕರೆಂಟಿಗಾಗಿ ಕಾಯ್ದದ್ದು ನೆನಪಿದೆ. ಪುಣ್ಯಕ್ಕೆ ಬೇರ್ಪಡಿಸಿದ ಸೀರಮಿನಲ್ಲಿ ಐಜಿಇ ತಂಪಿನಲ್ಲಿ ಕೆಲವು ದಿನ ಕೆಡುವುದಿಲ್ಲ.

ಫಲಿತಾಂಶ ಬಂತು. ಬ್ರೊಮೆಲಿನ್ ಇಳಿದಿತ್ತು. ಬಫರ್ ಹಾಕಿದ ಪಾಲಿನಲ್ಲಿ ಪಾಸಿಟಿವ್ ಇದ್ದ ಆಹಾರಗಳಷ್ಟೂ, ಶೇಂಗಾ ಗೋಧಿ ಅಕ್ಕಿ ಸೇರಿ, ಬ್ಲಾಕರ್ ಹಾಕಿದ ಪಾಲಿನಲ್ಲಿ 0.35ರ ಕೆಳಗೆ ಹೋಗಿದ್ದವು. ಪರಾಗಗಳೂ ಹೋಗಿದ್ದವು. ಇದನ್ನು ನೋಡಿದ ನಮ್ಮ ಚರ್ಮದ ಡಾಕ್ಟರು, ಆರು ವಾರ ದಾಟಿದ ಪಿತ್ತದ ಗಂದೆಗೆ ಹೊರಗಿನ ಪದಾರ್ಥ ಕಾರಣವಾಗಿರುವುದು ಕಡಿಮೆ, ಇಂಥವರಿಗೆ ಇಷ್ಟು ದೊಡ್ಡ ಪ್ಯಾನೆಲ್ ಮಾಡಿಸುವ ಅಗತ್ಯವೇ ಇರಲಿಲ್ಲ ಎಂದು ಹೇಳಿ, ಮಾತ್ರೆಯ ಪ್ರಮಾಣ ಸರಿಪಡಿಸಿ, ಒಂದೊಂದೇ ಆಹಾರವನ್ನು ಮರಳಿ ಶುರು ಮಾಡಿಸಿದರು. ಮೊದಲ ವಾರವೇ ಶೇಂಗಾ ಚಟ್ನಿ ತಿಂದರಂತೆ.

ಈ ಕಥೆಯಿಂದ ಸಕ್ಕರೆಯ ಗುರುತೆಲ್ಲ ನಿರಪಾಯ ಎಂದು ಯಾರೂ ತಿಳಿಯಬಾರದು. ಆಲ್ಫಾ-ಗಾಲ್ ಎಂಬ ಇನ್ನೊಂದು ಸಕ್ಕರೆ ಇದೆ. ಅದು ದನ, ಕುರಿ, ಹಂದಿಗಳ ದೇಹದಲ್ಲಿದೆ. ಮನುಷ್ಯರಲ್ಲಿ ಇಲ್ಲ, ನಮ್ಮ ಕಾಡಿನ ಮಂಗ-ಮುಸುವಗಳಲ್ಲೂ ಇಲ್ಲ. ಅಮೆರಿಕದ ಕೆಲವು ಭಾಗಗಳಲ್ಲಿ ಸೆಟುಕ್ಸಿಮ್ಯಾಬ್ ಎಂಬ ಕ್ಯಾನ್ಸರ್ ಔಷಧಿ ಕೊಟ್ಟಾಗ ಕೆಲವರು ಮೊದಲ ಡೋಸಿಗೇ ಕುಸಿದುಬಿದ್ದ ಕಾರಣ ಹುಡುಕಿದಾಗ, 2008ರಲ್ಲಿ, ಈ ಸಕ್ಕರೆಯ ವಿರುದ್ಧದ ಐಜಿಇ ಸಿಕ್ಕಿತು. ಆ ಪ್ರತಿಕಾಯ ಹುಟ್ಟುವುದು ಒಂದು ಜಾತಿಯ ಉಣುಗು ಕಚ್ಚುವುದರಿಂದ ಎಂದೂ, ಅಂಥವರಿಗೆ ಮಾಂಸ ತಿಂದ ಮೂರರಿಂದ ಆರು ಗಂಟೆಗಳ ನಂತರ ಗಂದೆ, ಉಸಿರುಕಟ್ಟು ಬರುತ್ತದೆಂದೂ ಆಮೇಲೆ ತಿಳಿಯಿತು. ಉಣುಗು ಎಂದರೆ ನಮ್ಮ ಸಿದ್ದಾಪುರದ ಕಡೆ ಮಂಗನ ಕಾಯಿಲೆ ಮಾತ್ರ ನೆನಪಾಗುತ್ತದೆ. ಆ ಉಣುಗಿನ ಜಾತಿ ಬೇರೆ, ಕಥೆ ಬೇರೆ. ಗಿಡದ ಸಕ್ಕರೆಯ ಬ್ಲಾಕರ್ ಆಲ್ಫಾ-ಗಾಲ್ ಐಜಿಇಯನ್ನು ಮುಟ್ಟುವುದಿಲ್ಲ, ಮುಟ್ಟಲೂಬಾರದು.

ಕಾರವಾರದ ಗೆಳತಿಯ ಸಮಸ್ಯೆ ಇನ್ನೊಂದು ಬಗೆಯದು. ಕರಾವಳಿಯಲ್ಲಿ ಸಿಗಡಿಯ ಸಾಲು ಪಾಸಿಟಿವ್ ಬರುವವರು ಅವಳ ಬಳಿ ಹೆಚ್ಚು, ಅವರಲ್ಲಿ ಸಿಗಡಿಯನ್ನು ಆರಾಮಾಗಿ ತಿನ್ನುವವರೂ ಇದ್ದಾರೆ. ಅಲ್ಲಿಯೂ ಬ್ಲಾಕರ್ ಹಾಕೋಣವೇ ಎಂದು ಅವಳು ಕೇಳಿದ್ದಳು. ಸಿಗಡಿಯಲ್ಲಿ ಮುಖ್ಯ ಅಲರ್ಜಿಕಾರಕ ಟ್ರೋಪೊಮಯೋಸಿನ್ ಎಂಬ ಸ್ನಾಯುವಿನ ಪ್ರೋಟೀನು. ಅದೇ ಪ್ರೋಟೀನಿನ ಹತ್ತಿರದ ನೆಂಟರು ಜಿರಳೆಯಲ್ಲಿ, ಹಾಸಿಗೆಯ ಧೂಳಿನ ಸೂಕ್ಷ್ಮ ಹುಳಗಳಲ್ಲಿ ಇದ್ದಾರೆ. ವರ್ಷವಿಡೀ ತೇವವಿರುವ ಕರಾವಳಿಯ ಮನೆಗಳಲ್ಲಿ ಆ ಹುಳಗಳಿಗೆ ಸುಗ್ಗಿ. ಹುಳಕ್ಕೆ ಹುಟ್ಟಿದ ಐಜಿಇ ಸಿಗಡಿಗೆ ಅಂಟಿದರೆ ಅದೂ ಅಡ್ಡ ಅಂಟುವಿಕೆಯೇ, ಆದರೆ ಪ್ರೋಟೀನಿನ ಮೇಲೆಯೇ ನಡೆಯುವಂಥದ್ದು; ಅದು ರೋಗ ತರಬಲ್ಲದು. ಸಕ್ಕರೆಯ ಬ್ಲಾಕರ್‌ಗೆ ಅಲ್ಲಿ ಕೆಲಸವಿಲ್ಲ. ತಿಂದಾಗ ಏನಾಯಿತು ಎಂಬ ಪ್ರಶ್ನೆಯೇ ಅಲ್ಲಿ ದಾರಿ.

ಬೇರೆ ಪ್ರತಿಕಾಯಗಳ ಅಡ್ಡಗಾಲೂ ಇದೆ, ಚುಟುಕಾಗಿ ಹೇಳುತ್ತೇನೆ. ಕಿಟ್ಟಿನೊಳಗಿನ ಗುರುತಿನ ಪ್ರತಿಕಾಯ ಹೆಚ್ಚಾಗಿ ಇಲಿಯದು. ಕೆಲವರ ರಕ್ತದಲ್ಲಿ ಇಲಿಯ ಪ್ರತಿಕಾಯಕ್ಕೇ ಅಂಟುವ ಪ್ರತಿಕಾಯ ಇರುತ್ತದೆ, ಸಂಧಿವಾತದ ಹಲವರಲ್ಲಿ ರೂಮಟಾಯ್ಡ್ ಫ್ಯಾಕ್ಟರ್ ಎಂಬ, ಪ್ರತಿಕಾಯಗಳಿಗೇ ಅಂಟುವ ಪ್ರತಿಕಾಯ ಇರುತ್ತದೆ. ಇವು ಐಜಿಇ ಇಲ್ಲದ ಕಡೆಯೂ ಸೇತುವೆ ಕಟ್ಟಿ ಸುಳ್ಳು ಅಂಕಿ ತೋರಿಸಬಲ್ಲವು. ಇದಕ್ಕೆ ಕಿಟ್ಟಿನವರು ದ್ರಾವಣಕ್ಕೆ ನಿರುಪದ್ರವಿ ಇಲಿ ಪ್ರತಿಕಾಯವನ್ನು ಮೊದಲೇ ಸುರಿದಿರುತ್ತಾರೆ. ನಮ್ಮ ಕಡೆಯಿಂದ ಮಾಡಬಹುದಾದದ್ದು ಎರಡು: ಸೀರಮನ್ನು ಎರಡು ಪಟ್ಟು, ನಾಲ್ಕು ಪಟ್ಟು ತೆಳು ಮಾಡಿ ಅಂಕಿಯೂ ಅದೇ ಲೆಕ್ಕದಲ್ಲಿ ಇಳಿಯುತ್ತದೆಯೇ ನೋಡುವುದು; ಯಾವ ಪದಾರ್ಥವನ್ನೂ ಅಂಟಿಸದ ಖಾಲಿ ಮೇಲ್ಮೈಯ ಮೇಲೆ ಅದೇ ಸೀರಮ್ ಹಾಕಿ, ಅಲ್ಲಿಯೂ ಅಂಕಿ ಬರುತ್ತದೆಯೇ ನೋಡುವುದು. ಖಾಲಿ ಮೇಲ್ಮೈ ಪರೀಕ್ಷೆ ನನಗೆ ಬಹಳ ಇಷ್ಟ, ಏಕೆಂದರೆ ಮೇಲ್ಮೈ ಸೆಲ್ಯುಲೋಸಿನದಾಗಿದ್ದರೆ, ಅದೂ ಗಿಡದಿಂದಲೇ ಬಂದದ್ದಾದ್ದರಿಂದ, ಸಿಸಿಡಿ ಐಜಿಇ ವಿಪರೀತ ಇರುವವರಲ್ಲಿ ಆ ಪ್ರತಿಕಾಯ ಮೇಲ್ಮೈಗೇ ಅಂಟಿ, ಸಕ್ಕರೆಯೇ ಇಲ್ಲದ ಶುದ್ಧ ಪ್ರೋಟೀನಿನ ಸಾಲನ್ನೂ ಸ್ವಲ್ಪ ಎತ್ತಿಬಿಡಬಹುದು. ಒಟ್ಟು ಐಜಿಇ ಸಾವಿರಗಟ್ಟಲೆ ಇರುವ ತೀವ್ರ ಇಸುಬಿನವರಲ್ಲಿ ಸಣ್ಣ ಸಣ್ಣ ಪಾಸಿಟಿವ್‌ಗಳನ್ನು ಗಂಭೀರವಾಗಿ ತೆಗೆದುಕೊಳ್ಳುವ ಮೊದಲು ಈ ಖಾಲಿ ಅಂಕಿ ಕೈಯಲ್ಲಿರಬೇಕು.

ಸುಳ್ಳಾಗಿ ಇಳಿಯುವುದೂ ಉಂಟು. ಅಲರ್ಜಿಗೆ ಚುಚ್ಚುಮದ್ದಿನ ಸರಣಿ ತೆಗೆದುಕೊಂಡವರಲ್ಲಿ ಐಜಿಜಿಯ ಒಂದು ಉಪಬಗೆಯಾದ ಐಜಿಜಿ4 ಏರಿ, ಹಲವು ಪದಾರ್ಥಗಳನ್ನು ಸಣ್ಣ ಚುಕ್ಕೆಗಳಾಗಿ ಅಂಟಿಸಿದ, ಅಂಟಲು ಜಾಗ ಕಡಿಮೆ ಇರುವ ಮೈಕ್ರೋಅರೇ ಚಿಪ್ಪುಗಳಲ್ಲಿ ಐಜಿಇಯ ಜಾಗವನ್ನು ಕಸಿಯುತ್ತದೆ. ಜಾಗ ಧಾರಾಳವಿರುವ ವಿಧಾನಗಳಲ್ಲಿ ಈ ತೊಂದರೆ ಕಡಿಮೆ. ಓಮಲಿಜುಮ್ಯಾಬ್ ಚುಚ್ಚುಮದ್ದು ಸ್ವತಃ ಐಜಿಇಯ ವಿರುದ್ಧದ ಪ್ರತಿಕಾಯ. ಅದು ಐಜಿಇಯನ್ನು ಹಿಡಿದು ರಕ್ತದಲ್ಲೇ ಉಳಿಸಿಕೊಳ್ಳುವುದರಿಂದ ಒಟ್ಟು ಐಜಿಇ ಇಳಿಯುವ ಬದಲು ಏರಿದಂತೆ ಕಾಣುತ್ತದೆ, ಚುಚ್ಚುಮದ್ದು ನಿಲ್ಲಿಸಿ ಒಂದು ವರ್ಷದವರೆಗೂ ಹಾಗೆಯೇ ಇರಬಹುದು. ಆ ಚುಚ್ಚುಮದ್ದನ್ನು ದೀರ್ಘಕಾಲದ ಗಂದೆಗೂ ಕೊಡುವುದರಿಂದ ರಕ್ತ ತೆಗೆಯುವಾಗ ಕೇಳಿ ಬರೆದುಕೊಳ್ಳುವುದು ಒಳ್ಳೆಯದು.

ಐಜಿಜಿ ಹೆಸರೆತ್ತಿದ್ದರಿಂದ ಒಂದು ಮಾತು. ನೂರಾರು ಆಹಾರಗಳಿಗೆ ಐಜಿಜಿ ಅಳೆದು ಆಹಾರ ಒಗ್ಗದಿಕೆಯ ಪಟ್ಟಿ ಕೊಡುವ ಪ್ಯಾಕೇಜುಗಳು ಈಗ ನಮ್ಮ ಊರಿನವರೆಗೂ ಬಂದಿವೆ. ಆಹಾರಕ್ಕೆ ಐಜಿಜಿ4 ಇರುವುದು ಆ ಆಹಾರವನ್ನು ತಿಂದಿದ್ದೀರಿ, ದೇಹ ಅದಕ್ಕೆ ಒಗ್ಗಿದೆ ಎಂಬುದರ ಗುರುತೇ ಹೊರತು ರೋಗದ ಗುರುತಲ್ಲ, ರೋಗನಿರ್ಣಯಕ್ಕೆ ಅದನ್ನು ಬಳಸಬೇಡಿ ಎಂದು ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲೇ ಹೇಳಿದೆ. ಅಲ್ಲಿ ತಡೆಯಬೇಕಾದ ಪ್ರತಿಕಾಯ ಯಾವುದೂ ಇಲ್ಲ, ಪರೀಕ್ಷೆಯನ್ನೇ ತಡೆಯಬೇಕು.

ಆ ಹಿರಿಯರು ಬಂದು ಹೋದ ಮೇಲೆ ನಮ್ಮ ಲ್ಯಾಬಿನಲ್ಲಿ ಎರಡು ಬದಲಾವಣೆ ಮಾಡಿಕೊಂಡೆವು. ಅಲರ್ಜಿ ಪರೀಕ್ಷೆಯ ಚೀಟಿಯಲ್ಲಿ ಜೇನು-ಕಣಜ ಕಚ್ಚಿದ ಇತಿಹಾಸಕ್ಕೆ ಒಂದು ಗೆರೆ, ಈಗ ತೆಗೆದುಕೊಳ್ಳುತ್ತಿರುವ ಚುಚ್ಚುಮದ್ದಿಗೆ ಒಂದು ಗೆರೆ ಸೇರಿಸಿದೆವು. ಸಿಸಿಡಿ ಸಾಲು ಪಾಸಿಟಿವ್ ಬಂದರೆ ವರದಿಯನ್ನು ಹಾಗೆಯೇ ಕೊಡದೆ, ಬ್ಲಾಕರ್ ಹಾಕಿ ಮರುಪರೀಕ್ಷೆ ಆಗುವವರೆಗೆ ಗಿಡಮೂಲದ ಸಾಲುಗಳ ಪಕ್ಕದಲ್ಲಿ "ಸಕ್ಕರೆ ಗುರುತಿನ ಅಡ್ಡಿ ಇರಬಹುದು, ಇದರ ಆಧಾರದ ಮೇಲೆ ಆಹಾರ ಬಿಡಬೇಡಿ" ಎಂದು ಕನ್ನಡದಲ್ಲಿಯೇ ಬರೆಯುತ್ತೇವೆ. ಶೇಂಗಾ, ಗೇರುಬೀಜದಂಥವು ತಿಂದು ನಿಜವಾಗಿ ತೊಂದರೆಯಾದ ಇತಿಹಾಸ ಇದ್ದರೆ ಈ ವಾಕ್ಯ ಹಾಕುವುದಿಲ್ಲ, ಡಾಕ್ಟರಿಗೆ ಫೋನ್ ಮಾಡುತ್ತೇವೆ. ಒಬ್ಬರಲ್ಲೇ ಸಕ್ಕರೆಯ ಐಜಿಇಯೂ ನಿಜವಾದ ಐಜಿಇಯೂ ಜೊತೆಗಿರಬಹುದು. ಅಂಥವರಿಗೆ ಇಡೀ ಶೇಂಗಾದ ಬದಲು ಅದರ ಅರಾ ಎಚ್ 2 ಎಂಬ ಪ್ರೋಟೀನೊಂದನ್ನೇ, ಸಕ್ಕರೆ ಅಂಟಿಸಲು ಬಾರದ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ್ದನ್ನು, ಪರೀಕ್ಷಿಸುವುದು ಲೇಸು.

ಹಿರಿಯರ ಮರುಪರೀಕ್ಷೆಯಲ್ಲಿ ಒಂದೇ ಒಂದು ಸಾಲು ಪೂರ್ತಿ ಇಳಿದಿರಲಿಲ್ಲ. ಹಳೆಯ ಪ್ಯಾನೆಲ್‌ನಲ್ಲಿ ಇಲ್ಲದ ಜೇನಿನ ವಿಷವನ್ನು ನಾವು ಹೆಚ್ಚುವರಿಯಾಗಿ ಕೇಳಿದ್ದೆವು. ಬ್ಲಾಕರಿನ ಮೊದಲು 4.2, ನಂತರ 1.9. ಉಳಿದ 1.9 ಯಾವುದೆಂದು ತಿಳಿಯಲು ಎಪಿ ಎಂ 1 ಪ್ರೋಟೀನಿನ (ಜೇನಿನ ವಿಷದ ಅದೇ ಫಾಸ್ಫೋಲಿಪೇಸ್, ಸಕ್ಕರೆ ಇಲ್ಲದಂತೆ ತಯಾರಿಸಿದ್ದು) ಪರೀಕ್ಷೆಗೆ ಕಳಿಸಿದಾಗ ಅದೂ ಪಾಸಿಟಿವ್ ಬಂತು. ಅಂದರೆ ಇದು ಅಂಗಿಯನ್ನಲ್ಲ, ಮೈಯನ್ನೇ ಹಿಡಿದ ಪ್ರತಿಕಾಯ. ಈ ಪರೀಕ್ಷೆಗಳಲ್ಲಿ ಬಳಸುವುದು ಯುರೋಪಿನ ಜೇನಿನ ವಿಷವನ್ನು, ನಮ್ಮ ತುಡುವೆಯದಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಡಾಕ್ಟರು ಅವರನ್ನು ಕೂರಿಸಿಕೊಂಡು ಅರ್ಧ ಗಂಟೆ ವಿಚಾರಿಸಿದರು. ಕಚ್ಚಿದಲ್ಲಿ ಊದಿಕೊಂಡದ್ದು ಬಿಟ್ಟರೆ ಉಸಿರು, ತಲೆಸುತ್ತು, ವಾಂತಿ ಏನೂ ಎಂದೂ ಆಗಿಲ್ಲ. ಜೇನು ಸಾಕುವವರ ರಕ್ತದಲ್ಲಿ ವಿಷದ ಐಜಿಇ ಕಾಣುವುದು, ಅದರ ಜೊತೆಗೆ ರಕ್ಷಿಸುವ ಐಜಿಜಿ4 ಧಾರಾಳವಾಗಿರುವುದು ಎರಡೂ ಗೊತ್ತಿರುವ ವಿಷಯ. ಅಂಕಿಗೆ ಚಿಕಿತ್ಸೆ ಬೇಡ, ಮೈಯೆಲ್ಲ ಗಂದೆ ಎದ್ದು ಉಸಿರು ಹಿಡಿದರೆ ಮಾತ್ರ ತಕ್ಷಣ ಬನ್ನಿ ಎಂದು ಡಾಕ್ಟರು ಹೇಳಿ ಕಳಿಸಿದರು. ಈ ವರ್ಷದ ಮಳೆಗೆ ಮೊದಲು ಅವರು ಎಂಟು ಪೆಟ್ಟಿಗೆಗಳನ್ನು ಹತ್ತು ಮಾಡಿದ್ದಾರೆ.